ಹವಾಲ್ದಾರರು ದಿನಾ ಮುರಿಯುತ್ತಿದ್ದ ಬಂದೂಕು

ನಮ್ಮ ಬಚ್ಚಲುಮನೆಯ ಚಿಲಕ ಹಾಕುವಾಗಲೆಲ್ಲ ನಾನು ಒಂದು ರೈಫಲ್ಲಿಗೆ ಗುಂಡು ತುಂಬುತ್ತೇನೆ. ಮಳೆಗಾಲ ಬಂತೆಂದರೆ ಕೊರ್ತಾಲಿಮ್ಮಿನ ಈ ಫ್ಲ್ಯಾಟಿನ ಬಾಗಿಲುಗಳೆಲ್ಲ ನೀರು ಕುಡಿದು ಉಬ್ಬಿಕೊಳ್ಳುತ್ತವೆ. ಚಿಲಕ ಒಂದೇ ಸಲಕ್ಕೆ ಕೂರುವುದಿಲ್ಲ. ಹಿಡಿಯನ್ನು ಮೇಲೆತ್ತಬೇಕು, ಹಿಂದಕ್ಕೆಳೆಯಬೇಕು, ಮತ್ತೆ ಮುಂದಕ್ಕೆ ತಳ್ಳಬೇಕು, ಕೆಳಗೆ ಒತ್ತಬೇಕು. ಮೇಲೆ, ಹಿಂದೆ, ಮುಂದೆ, ಕೆಳಗೆ. ನಾಲ್ಕನೆಯದಕ್ಕೆ ಟಕ್ ಎಂದಾಗ ನನ್ನೊಳಗೆ ಒಂದು ದನಿ, “ಈಗ ಭರ್ತಿ ಆತು ನೋಡ್ರಿ ಬಾಯಾರ,” ಅನ್ನುತ್ತದೆ. ಹಲ್ಲುಜ್ಜಲು ಹೋದವಳಿಗೆ ಇಷ್ಟು ಸಿದ್ಧತೆ ಬೇಕಿಲ್ಲ, ನಿಜ.

ಆ ದನಿ ಹವಾಲ್ದಾರ್ ಪರಸಪ್ಪನವರದು. ಸಾವರ್ಡೆಯ ನಮ್ಮ ಬ್ಯಾಂಕ್ ಶಾಖೆಯಲ್ಲಿ ಅವರು ಗಾರ್ಡ್ ಆಗಿದ್ದರು, ನಾನು ಹೊಸದಾಗಿ ಆಫೀಸರಾಗಿ ಬಂದಿದ್ದೆ. ಅವರ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಬರೆಯದೇ ಇದ್ದುದಕ್ಕೆ ಕಾರಣ ಸೋಮಾರಿತನವಲ್ಲ, ಅನುಮಾನ. ನನಗೆ ನನ್ನ ನೆನಪಿನ ಮೇಲೆ ಅಷ್ಟೇನೂ ನಂಬಿಕೆಯಿಲ್ಲ. ಅದಕ್ಕೇ ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತಾ ಬಂದವಳು. ಒಮ್ಮೊಮ್ಮೆ ಹಳೆಯ ಡೈರಿ ತೆಗೆದು ನೋಡಿದರೆ, ನಾನು ಎಂಟು ಜನರ ಎದುರು ರಸವತ್ತಾಗಿ ಹೇಳಿಕೊಂಡು ಬಂದ ಪ್ರಸಂಗದಲ್ಲಿ ನಾನು ಇರಲೇ ಇಲ್ಲ ಅಂತ ಗೊತ್ತಾಗುತ್ತದೆ. ನನ್ನ ಅಕ್ಕ ಬಾವಿಗೆ ಕೊಡ ಬೀಳಿಸಿದ್ದನ್ನು ನಾನೇ ಬೀಳಿಸಿದೆ ಅಂತ ವರ್ಷಗಟ್ಟಲೆ ಪಶ್ಚಾತ್ತಾಪಪಟ್ಟಿದ್ದೆ. ಅಕ್ಕ ನಿಶ್ಚಿಂತೆಯಿಂದ ಇದ್ದಳು.

ಬಂದೂಕಿನ ವಿಷಯಕ್ಕೆ ಬರುತ್ತೇನೆ. ಸಾವರ್ಡೆಗೆ ಬರುವ ಮೊದಲು ನನಗೆ ಗೊತ್ತಿದ್ದ ಬಂದೂಕು ಒಂದೇ, ದೀಪಾವಳಿಯ ಟಿಕಳಿ ಪಿಸ್ತೂಲು. ಧಾರವಾಡದಲ್ಲಿ ನಮ್ಮ ಓಣಿಯ ಮಕ್ಕಳಿಗೆಲ್ಲ ಒಂದೊಂದು ಇರುತ್ತಿತ್ತು. ಕೆಂಪು ಕಾಗದದ ಸುರುಳಿಯನ್ನು ಹೊಟ್ಟೆಯಲ್ಲಿ ಇಟ್ಟು ಒತ್ತಿದರೆ ಒಂದು ಟಿಕಳಿ ಢಬ್ಬೆಂದು ಮುಂದಿನದು ತಾನಾಗಿ ಮೇಲೆ ಬರಬೇಕು. ಬರುತ್ತಿರಲಿಲ್ಲ. ಮೂರನೆಯ ಹೊಡೆತಕ್ಕೆ ಸುರುಳಿ ಸಿಕ್ಕಿಕೊಂಡು, ಕೊನೆಗೆ ನಾನು ಅದನ್ನು ಕಿತ್ತು ತೆಗೆದು ಹಿತ್ತಲ ಕಲ್ಲಿನ ಮೇಲೆ ಹರವಿ ಗುಂಡುಕಲ್ಲಿನಿಂದ ಜಜ್ಜುತ್ತಿದ್ದೆ. ಪಿಸ್ತೂಲಿಗಿಂತ ಸದ್ದು ಜೋರಾಗಿ ಬರುತ್ತಿತ್ತು. ಯಂತ್ರವೆಂದರೆ ಕೈಕೊಡುವ ವಸ್ತು, ಕಲ್ಲೆಂದರೆ ನಂಬುವ ವಸ್ತು ಅಂತ ಆಗ ತೀರ್ಮಾನಿಸಿದವಳು ಮುಂದೆ ಎಂ.ಎ. ಇಂಗ್ಲಿಷ್ ಓದಿದ್ದು ಸಹಜವೇ ಇರಬೇಕು.

ಆಗ ಅದಿರು ಲಾರಿಗಳು ಓಡುತ್ತಿದ್ದ ಕಾಲ. ಸಾವರ್ಡೆಯಲ್ಲಿ ಎಲೆ, ಗೋಡೆ, ನಾಯಿ, ನಮ್ಮ ಬ್ಯಾಂಕಿನ ಲೆಡ್ಜರು ಎಲ್ಲದರ ಬಣ್ಣವೂ ಒಂದೇ, ಕೆಂಪು. ಆ ಧೂಳಿನ ನಡುವೆ ಶಾಖೆಯ ಕಬ್ಬಿಣದ ಬಾಗಿಲಿನ ಪಕ್ಕ ಒಂದು ಸ್ಟೂಲು. ಸ್ಟೂಲಿನ ಮೇಲೆ ಪರಸಪ್ಪನವರು. ತೊಡೆಯ ಮೇಲೆ ಎರಡು ನಳಿಗೆಯ ಬಂದೂಕು, ಅದೊಂದಕ್ಕೆ ಮಾತ್ರ ಧೂಳಿಲ್ಲ. ಸವದತ್ತಿ ಕಡೆಯವರು. ಸೈನ್ಯದಲ್ಲಿ ಇದ್ದಷ್ಟೂ ವರ್ಷ ಬಂದೂಕು ರಿಪೇರಿಯ ಕೆಲಸ. “ನಾ ಒಬ್ಬರಿಗೂ ಹೊಡದವಲ್ರಿ. ಹೊಡಿಯೋ ಬಂದೂಕಿಗೆ ಮದ್ದು ಮಾಡಿದಾಂವ,” ಅನ್ನುತ್ತಿದ್ದರು. ನಿವೃತ್ತಿಯಾದ ಮೇಲೆ ಈ ಬಂದೂಕು ತಮ್ಮ ಹೆಸರಿನ ಲೈಸೆನ್ಸಿನಲ್ಲಿ ತೆಗೆದುಕೊಂಡರು. ಆ ಲೈಸೆನ್ಸ್ ಇದ್ದುದರಿಂದಲೇ ಸೆಕ್ಯುರಿಟಿ ಏಜೆನ್ಸಿಯವರು ಅವರನ್ನು ಬ್ಯಾಂಕಿಗೆ ಗಾರ್ಡಾಗಿ ಕಳಿಸಿದ್ದರು. ಅಂದರೆ ಕೆಲಸ ಸಿಕ್ಕಿದ್ದು ಅವರಿಗಲ್ಲ, ಬಂದೂಕಿಗೆ. ಅವರು ಅದರ ಜೊತೆಗೆ ಬಂದವರು. ಇದನ್ನು ಅವರೇ ಹೇಳಿ ಅವರೇ ನಗುತ್ತಿದ್ದರು.

ಮೊದಲ ತಿಂಗಳು ನಾನು ಆ ಸ್ಟೂಲಿನ ಪಕ್ಕ ಹಾಯುವಾಗ ಮೈಯನ್ನು ಒಂದು ಕಡೆ ವಾಲಿಸಿಕೊಂಡು ಹೋಗುತ್ತಿದ್ದೆ. ಅವರು ಗಮನಿಸಿದ್ದರು. ಒಂದು ದಿನ ಊಟದ ಬಿಡುವಿನಲ್ಲಿ, ಬಾಗಿಲು ಅರ್ಧ ಎಳೆದಿದ್ದಾಗ, ಧೈರ್ಯ ಮಾಡಿ ಕೇಳಿದೆ.

“ಹವಾಲ್ದಾರ್ರ, ಇದರಾಗ ಗುಂಡು ಅದಾವೇನ್ರಿ?”

“ಯಾಕ್ರಿ ಬಾಯಾರ, ಯಾರ ಮ್ಯಾಲರ ಸಿಟ್ಟು ಬಂದೈತೇನ್ರಿ?”

ಹೇಳುತ್ತಲೇ ಹೆಬ್ಬೆರಳಿನಿಂದ ಒಂದು ಕೀಲನ್ನು ಸರಿಸಿದರು. ಬಂದೂಕು ನಡುವಿಗೆ ಬಾಗಿ ಬಾಯಿ ತೆರೆಯಿತು. ಎರಡು ಕಾಡತೂಸುಗಳನ್ನು ಹೊರಗೆಳೆದು ಜೇಬಿಗೆ ಹಾಕಿಕೊಂಡರು. ಎಡಗಡೆಯ ನಳಿಗೆಗೆ ಕಣ್ಣಿಟ್ಟರು, ಬಲಗಡೆಯದಕ್ಕೆ ಕಣ್ಣಿಟ್ಟರು, ಆಮೇಲೆ ನನ್ನ ಕಡೆ ತಿರುಗಿಸಿ, “ನೀವೂ ನೋಡ್ರಿ,” ಅಂದರು. ನೋಡಿದೆ. ಕನ್ನಡಿಯಂತೆ ಹೊಳೆಯುವ ಸುರಂಗದ ಆಚೆ ಕೊನೆಯಲ್ಲಿ ಒಂದು ನಾಣ್ಯದಗಲದ ಬೆಳಕು, ಬೆಳಕಿನಲ್ಲಿ ಎದುರಿನ ಚಹಾದಂಗಡಿಯ ಬೋರ್ಡಿನ ಒಂದು ಅಕ್ಷರ.

“ಇನ್ನೊಂದು ನೋಡ್ರಿ.”

“ನೋಡಿದೆನಲ್ರಿ.”

“ಒಂದು ನೋಡೀರಿ. ಎರಡು ನಳಗಿ ಇದ್ದಲ್ಲಿ ಒಂದು ನೋಡಿ ಮುಚ್ಚಬಾರದ್ರಿ. ಒಂದು ನೋಡಿ ಮುಚ್ಚಿದಾವನs ಕಾಲಿಗೆ ಹೊಡಕೋತಾನ.”

ಎರಡನೆಯದನ್ನೂ ನೋಡಿದೆ. ಆಗ ಅವರು ಬಂದೂಕನ್ನು ಮುಚ್ಚಿದರು. ಸಿನಿಮಾದವರ ಹಾಗೆ ಕೈ ಝಾಡಿಸಿ ಅಲ್ಲ. ತೊಟ್ಟಿಲಲ್ಲಿ ಮಗುವಿನ ತಲೆ ಇಳಿಸುವ ಹಾಗೆ ಅಂಗೈ ಕೊಟ್ಟು.

ಹೀಗೆ ನಡುವಿನ ಕೀಲಿನಲ್ಲಿ ಬಾಗಿಸಿ ಬಾಯಿ ತೆರೆಯುವುದಕ್ಕೆ ಅವರ ಭಾಷೆಯಲ್ಲಿ ಬಂದೂಕು ಮುರಿಯುವುದು ಎಂದು ಹೆಸರು. “ಊಟದ ಹೊತ್ತಾತು, ಬಂದೂಕ ಮುರೀತೇನಿ,” ಅನ್ನುತ್ತಿದ್ದರು, ನಾವು ಮೈ ಮುರಿಯುತ್ತೇವೆ ಅನ್ನುವಷ್ಟೇ ಸಲೀಸಾಗಿ. ಈ ಮಾತನ್ನು ನಾನು ದಿನಾ ಕೇಳುತ್ತಿದ್ದೆ. ಇದನ್ನು ಇಲ್ಲಿ ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಮುಂದೆ ಗೊತ್ತಾಗುತ್ತದೆ.

ಅಂದಿನಿಂದ ಊಟದ ಬಿಡುವು ನನಗೆ ಪಾಠದ ಹೊತ್ತಾಯಿತು. ಬಂದೂಕುಗಳಲ್ಲಿ ಇಷ್ಟೊಂದು ಜಾತಿಗಳಿವೆ, ಒಂದೊಂದರ ಒಳಗಿನ ನಡೆ ಬೇರೆ ಬೇರೆ, ಆ ನಡೆಗೂ ಅದು ಇರುವ ಜಾಗಕ್ಕೂ ಒಂದು ಹೊಂದಾಣಿಕೆ ಇದೆ ಎಂಬುದೆಲ್ಲ ನನಗೆ ಹೊಸದು. ಪರಸಪ್ಪನವರು ಯಾವುದನ್ನೂ ಬಂದೂಕಿನಿಂದ ಶುರು ಮಾಡುತ್ತಿರಲಿಲ್ಲ. ಮನೆಯಿಂದ ಶುರು ಮಾಡುತ್ತಿದ್ದರು.

“ನಿಮ್ಮ ಮನಿ ಬಚ್ಚಲಕ್ಕ ಚಿಲಕಾ ಐತೆಲ್ರಿ? ಅದs ಬೋಲ್ಟ್ ಆಕ್ಶನ್. ಎತ್ತು, ಎಳಿ, ದೂಡು, ಇಳಸು. ಎಳದಾಗ ಸುಟ್ಟ ಕಾಡತೂಸ ಹೊರಗ, ದೂಡಿದಾಗ ಹೊಸಾದು ಒಳಗ. ಇಳಿಸಿದ್ರ ಗ್ವಾಡಿಗೆ ಅಗಳಿ ಹಾಕಿದಂಗ. ಒಳಗ ಎಷ್ಟರ ಧಕ್ಕಾ ಹೊಡೀಲಿ, ಕದಲೂದಿಲ್ಲ. ಅದಕ್ಕs ದೂರದ ಗುರಿಗೆ ಅದು. ಗುಂಡು ಹೊಂಟಾಗ ಬಂದೂಕಿನ್ಯಾಗ ಒಂದು ಸಾಮಾನೂ ಅಳ್ಳಾಡಬಾರದು.”

“ಆದ್ರ ಪ್ರತಿ ಸಲಾ ಎಳೀಬೇಕಲ್ರಿ. ತಡಾ ಆಗತೈತಿ.”

“ತಡಾ ಆಗೂದು ಅದರ ದೋಷ ಅಲ್ರಿ, ಗುಣ. ದೂರ ಹೊಡಿಯಾಂವಗ ಅವಸರ ಇರಬಾರದು.”

ನಾವಿಬ್ಬರೂ ಹೀಗೆ ಕೂತಿದ್ದರೆ ಕ್ಯಾಶ್ ಕೌಂಟರಿನ ಪ್ರಮಿಲಾ ತನ್ನ ಮೀನಿನ ಡಬ್ಬಿ ಹಿಡಿದು ಬರುತ್ತಿದ್ದಳು. ಕುಡಚಡೆಯವಳು, ಕೊಂಕಣಿಯಲ್ಲೇ ಮಾತು, ನಮ್ಮ ಕನ್ನಡ ಅರ್ಥವಾಗುತ್ತಿತ್ತು. “ಕಿತೆಂ ಮಾಮಾ, ಆಯಜ್ ಖಂಚೊ ಪಾಠ?” ಅಂತ ರೇಗಿಸುವಳು. ಇವತ್ತು ಯಾವ ಪಾಠ ಅಂತ. ಪರಸಪ್ಪನವರು ಅವಳಿಗೂ ಒಂದು ಪಾಠ ಕೊಟ್ಟೇ ಬಿಟ್ಟರು.

“ನಿಮ್ಮ ಅಡಗಿಮನ್ಯಾಗ ದುಂಡಂದು ಒಗ್ಗರಣಿ ಡಬ್ಬಿ ಐತೆಲ್ರಿ, ಸುತ್ತಲೂ ಆರು ಬಟ್ಟಲಾ ಇರೂದು? ಅದನ್ನ ಅಡ್ಡ ಮಾಡಿ ತಿರಿಗಿಸಿದ್ರ ರಿವಾಲ್ವರ್. ಘೋಡಾ ಒತ್ತಿದಾಗೊಮ್ಮೆ ಒಂದೊಂದು ಬಟ್ಟಲಾ ಮುಂದ ಬರತೈತಿ. ಸಾಸಿವಿ ಸಿಡೀಲಿಲ್ಲಂದ್ರ ಚಿಂತಿಲ್ಲ, ಮತ್ತೊಮ್ಮೆ ಒತ್ತಿದ್ರ ಜೀರಗಿ ಸಿಡೀತೈತಿ. ವರ್ಷಾನುಗಟ್ಟಲೆ ಕಪಾಟಿನ್ಯಾಗ ಬಿದ್ದಿರೂ ಬಂದೂಕಿಗೆ ಅದs ಚಲೋ. ಸ್ಪ್ರಿಂಗ್ ಬಿಗಿ ಹಿಡಕೊಂಡು ಕೂಡೂದಿಲ್ಲ, ತಕರಾರು ಇಲ್ಲ.”

“ಮಾಮಾ, ಮ್ಹಜ್ಯಾ ಡಬ್ಬ್ಯಾಂತ್ ಸಾತ್ ಬಟಲಾಂ,” ಅಂದಳು ಪ್ರಮಿಲಾ. ತನ್ನ ಡಬ್ಬಿಯಲ್ಲಿ ಏಳು ಬಟ್ಟಲು ಅಂತ.

“ನಡುವಿಂದು ಲೆಕ್ಕಕ್ಕಿಲ್ಲವ್ವಾ ತಂಗಿ. ಅಲ್ಲಿ ಕಡ್ಡಿ ಹಾದಿರತೈತಿ.”

ಸಣ್ಣ ಪಿಸ್ತೂಲಿಗೆ ಅವರು ಕೊಟ್ಟ ಉದಾಹರಣೆ ಸಾವರ್ಡೆ ಪೇಟೆಯ ಬಾರಿನ ಅರ್ಧ ಬಾಗಿಲು. ಆ ಬಾಗಿಲಿಗೆ ಚಿಲಕವಿಲ್ಲ. ಸ್ಪ್ರಿಂಗು ಮತ್ತು ಅದರ ಭಾರ, ಇಷ್ಟೇ ಅದನ್ನು ಹಿಡಿದಿಡುವುದು. ಗುಂಡು ಮುಂದೆ ಹೋಗುವಾಗ ಕಾಡತೂಸು ಹಿಂದಕ್ಕೆ ತಳ್ಳುತ್ತದೆ, ಬಾಗಿಲು ತೆರೆಯುತ್ತದೆ, ಸ್ಪ್ರಿಂಗು ಮತ್ತೆ ಮುಚ್ಚುತ್ತದೆ. ಮನುಷ್ಯರು ಬಂದು ಹೋಗುವುದಕ್ಕೆ ಅದು ಸಾಕು. ಎತ್ತು ನುಗ್ಗಿದರೆ ಸಾಲದು. ಹಾಗಾಗಿ ಬಲವಾದ ಕಾಡತೂಸಿನ ದೊಡ್ಡ ಪಿಸ್ತೂಲಿನಲ್ಲಿ ಬಾಗಿಲೂ ನಳಿಗೆಯೂ ಒಂದಕ್ಕೊಂದು ಕೈ ಹಿಡಿದುಕೊಂಡು ತುಸು ದೂರ ಹಿಂದೆ ಸರಿದು, ಒತ್ತಡ ಇಳಿದ ಮೇಲೆ ಕೈ ಬಿಡುತ್ತವಂತೆ. “ಗಂಡಾ ಹೆಂಡ್ತಿ ಬಸ್‌ಸ್ಟ್ಯಾಂಡಿನ ತನಕಾ ಕೂಡಿ ಬಂದು ಬ್ಯಾರೆ ಬ್ಯಾರೆ ಬಸ್ ಹಿಡಿದಂಗ,” ಅಂದಿದ್ದರು. ಇದನ್ನು ಅವರೇ ಅಂದದ್ದೋ, ಹೇಳುತ್ತ ಹೇಳುತ್ತ ನಾನು ಸೇರಿಸಿದ್ದೋ, ಗೊತ್ತಿಲ್ಲ. ಡೈರಿಯಲ್ಲಿ ಬಾರಿನ ಬಾಗಿಲಿದೆ, ಗಂಡ ಹೆಂಡತಿ ಇಲ್ಲ.

ಸೈನಿಕರ ರೈಫಲ್ಲಿನ ಬಗ್ಗೆ ಹೇಳಿದ್ದು ಮಾತ್ರ ಅವರದೇ, ಅನುಮಾನವಿಲ್ಲ. ಅದರಲ್ಲಿ ಅವರ ಊರಿನ ಕಾಲುವೆಯಿದೆ. ಗುಂಡನ್ನು ತಳ್ಳುವ ಬಿಸಿಗಾಳಿ ನಳಿಗೆಯಲ್ಲಿ ಹೊಳೆಯಂತೆ ಹೋಗುತ್ತದೆ. ನಳಿಗೆಯ ತುದಿಯ ಕಡೆ ಒಂದು ಸಣ್ಣ ತೂತು. ಅಲ್ಲಿಂದ ಚೂರು ಗಾಳಿ ಪಕ್ಕಕ್ಕೆ ಹೊರಳಿ ಒಂದು ದಂಡವನ್ನು ಹಿಂದಕ್ಕೆ ತಳ್ಳುತ್ತದೆ, ಆ ದಂಡ ಚಿಲಕ ತೆಗೆದು ಮತ್ತೆ ಹಾಕುವ ಕೆಲಸವನ್ನೆಲ್ಲ ಮಾಡುತ್ತದೆ. “ದೊಡ್ಡ ಕಾಲಿವಿ ನೀರು ಹೊಂಟೈತಿ, ಮಗ್ಗಲಿಗೆ ಒಂದು ಮಡಿ ಒಡದು ನಿಮ್ಮ ಹೊಲಕ್ಕ ಚೂರು ತಗೊಂಡ್ರಿ. ಹೊಳಿ ಹೊಳೀಗೆ ಹೋತು, ನಿಮ್ಮ ಬೆಳಿ ನಿಮಗ ಬಂತು. ಮಂಡಿ ಊರಿ ಕುಂತ ಸಿಪಾಯಿ ಚಿಲಕಾ ಎಳಕೋತ ಕುಂದರಬೇಕೇನ್ರಿ? ಅದಕ್ಕs ಅವನ ಬಂದೂಕಿಗೆ ಈ ಹಿಕಮತ್ತು.” ಹಿಕಮತ್ತು ಅನ್ನುವಾಗ ಅವರ ಕಣ್ಣಲ್ಲಿ ಒಂದು ಗೌರವ ಕಾಣುತ್ತಿತ್ತು. ಯಾರೋ ಎಲ್ಲೋ ಕೂತು ಯೋಚಿಸಿದ ಒಂದು ತೂತಿಗೆ ಅಷ್ಟು ಗೌರವ.

ಕೊಲ್ಲುವ ವಸ್ತುವನ್ನು ಹೀಗೆ ಮೆಚ್ಚಿಕೊಳ್ಳುವುದು ಸರಿಯೇ ಅಂತ ಆಗಲೂ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ನಾನು ಮೆಚ್ಚಿದ್ದು ಬಂದೂಕನ್ನೋ, ಬಂದೂಕಿನ ಬಗ್ಗೆ ಮಾತಾಡುವ ಮನುಷ್ಯನನ್ನೋ? ಅವರು ಯಾವ ಬಂದೂಕನ್ನೂ ಬಯ್ಯುತ್ತಿರಲಿಲ್ಲ. “ಕೆಟ್ಟ ಬಂದೂಕ ಅಂಬೂದು ಇಲ್ರಿ. ತಪ್ಪು ಜಾಗಾದಾಗ ಇರೂ ಬಂದೂಕ ಇರತೈತಿ,” ಅನ್ನುತ್ತಿದ್ದರು. ನನ್ನ ಬದುಕಿನಲ್ಲಿ ಮನುಷ್ಯರ ಬಗ್ಗೆ ಕೂಡ ಇಷ್ಟು ಉದಾರವಾದ ಮಾತನ್ನು ಹೆಚ್ಚು ಕೇಳಿಲ್ಲ.

ಈಗ ನನ್ನ ತಪ್ಪಿನ ಕಥೆ.

ಅವತ್ತು ಪೆನ್ಶನ್ ದಿನ, ಮೇಲೆ ಮಳೆ. ಮ್ಯಾನೇಜರು ರಜೆಯಲ್ಲಿದ್ದರು, ಶಾಖೆಯ ಹೊಣೆ ನನ್ನದು. ನೂಕುನುಗ್ಗಲಿನಲ್ಲಿ ಒಬ್ಬ ಅಜ್ಜಿಯ ಕೊಡೆಯ ಹಿಡಿಕೆ ಬಂದೂಕಿನ ಪಟ್ಟಿಗೆ ಸಿಕ್ಕಿ, ಅಜ್ಜಿ ಮುಂದೆ ಹೋದರು, ಬಂದೂಕು ಕೆಳಗೆ ಬಿತ್ತು. ಸದ್ದಿಗೆ ಎಲ್ಲರೂ ಸುಮ್ಮನಾದರು. ಪರಸಪ್ಪನವರು ಒಂದೇ ಹೆಜ್ಜೆಗೆ ಅದನ್ನೆತ್ತಿ, ಬಾಯಿಯನ್ನು ಗೋಡೆಗೆ ಹಿಡಿದು, ಮುರಿದು, ಕಾಡತೂಸು ತೆಗೆದು, ಎರಡೂ ನಳಿಗೆ ನೋಡಿ, ತೆರೆದ ಬಂದೂಕನ್ನು ಮೊಣಕೈ ಮೇಲೆ ಹಾಕಿಕೊಂಡು ನಿಂತರು. “ಖಾಲಿ ಐತ್ರಿ, ಎಲ್ಲಾರೂ ನೋಡ್ರಿ,” ಅಂದರು. ಎಲ್ಲರೂ ನೋಡಿದರು. ಅಜ್ಜಿಯೂ ಬಗ್ಗಿ ನೋಡಿದರು. ಗದ್ದಲ ಮತ್ತೆ ಶುರುವಾಯಿತು.

ಇಂಥದ್ದು ನಡೆದರೆ ರಿಜಿಸ್ಟರಿನಲ್ಲಿ ಬರೆದು ಪ್ರತಿಯೊಂದನ್ನು ಮಡಗಾಂವಿನ ಮೇಲಿನ ಕಚೇರಿಗೆ ಕಳಿಸಬೇಕು. ಸಂಜೆ ನಾನು ಪೆನ್ನು ಹಿಡಿದು ಕೂತೆ. ಪರಸಪ್ಪನವರು ಪಕ್ಕದಲ್ಲಿ ನಿಂತು ಹೇಳಿದರು.

“ಬರೀರಿ ಬಾಯಾರ. ಬಂದೂಕ ಬಿತ್ತು. ಗಾರ್ಡ್ ಅದನ್ನ ಮುರದು ಕಾಡತೂಸ ತಗದ. ಇಷ್ಟs.”

ಅಷ್ಟೇ ಬರೆದಿದ್ದರೆ ಸಾಕಿತ್ತು. ಇಂಗ್ಲಿಷಿನಲ್ಲೂ ಇದಕ್ಕೆ ಬ್ರೇಕ್ ಅಂತಲೇ ಹೆಸರು, ಅದನ್ನು ಇದ್ದಂತೆಯೇ ಇಳಿಸಿದ್ದರೂ ಬಂದೂಕು ಬಲ್ಲವರಿಗೆ ಅರ್ಥವಾಗುತ್ತಿತ್ತು. ಆದರೆ ಗಾರ್ಡ್ ಬಂದೂಕನ್ನು ಮುರಿದ ಅನ್ನುವುದನ್ನು ಕಾಗದದ ಮೇಲೆ ನೋಡಿದಾಗ ನನಗೆ ಕೆಡುಕೆನಿಸಿತು. ಅವರ ಮೇಲೆ ಆರೋಪ ಮಾಡಿದ ಹಾಗಿದೆಯಲ್ಲ. ಎಂ.ಎ. ಓದಿದವಳಿಗೆ ಒಂದು ಉಪಾಯ ಗೊತ್ತು. ಕರ್ತೃವನ್ನು ತೆಗೆದರೆ ಆರೋಪವೂ ಹೋಗುತ್ತದೆ. ದಯೆಯಿಂದ, ಪಾಂಡಿತ್ಯದಿಂದ, ಕರ್ಮಣಿ ಪ್ರಯೋಗದಿಂದ, ಬಿದ್ದಾಗ ಬಂದೂಕು ಮುರಿದಿದೆ ಎಂಬರ್ಥದ ಒಂದು ಚೆಂದದ ಇಂಗ್ಲಿಷ್ ವಾಕ್ಯ ಬರೆದೆ. ಕಾಡತೂಸುಗಳನ್ನು ತೆಗೆಯಲಾಗಿದೆ ಎಂದೂ ಸೇರಿಸಿ ಸಹಿ ಹಾಕಿದೆ.

ನಾಲ್ಕನೆಯ ದಿನ ಕಾಗದ ಬಂತು. ಮುರಿದ ಬಂದೂಕಿನ ಗಾರ್ಡ್ ಕೆಲಸಕ್ಕೆ ಯೋಗ್ಯನಲ್ಲ, ವಿಚಾರಣೆಯಾಗುವವರೆಗೆ ಬಂದೂಕನ್ನು ಠಾಣೆಯಲ್ಲಿ ಒಪ್ಪಿಸತಕ್ಕದ್ದು, ಅಗತ್ಯವಾದರೆ ಏಜೆನ್ಸಿಯಿಂದ ಪಂಪ್ ಬಂದೂಕಿನ ಬೇರೆ ಗಾರ್ಡನ್ನು ಕಳಿಸಲಾಗುವುದು. ಬಂದೂಕು ಹೋದರೆ ಕೆಲಸ ಹೋಯಿತು. ಹಾಳಾದ ಬಂದೂಕೆಂದು ಒಮ್ಮೆ ದಾಖಲಾದರೆ ಲೈಸೆನ್ಸಿಗೂ ತೊಡಕು. ಮೂವತ್ತು ವರ್ಷ ಬಂದೂಕು ಸರಿಮಾಡಿದ ಮನುಷ್ಯನ ಬಂದೂಕೇ ಮುರಿದಿದೆ ಅಂತ ಸರಕಾರಿ ಕಾಗದದ ಮೇಲೆ ಬರುವುದು ಇವೆಲ್ಲಕ್ಕಿಂತ ದೊಡ್ಡದು ಅಂತ ನನಗೆ ಅವರ ಮುಖ ನೋಡಿದಾಗ ತಿಳಿಯಿತು.

ಅವರು ಕಾಗದವನ್ನು ನನ್ನಿಂದಲೇ ಓದಿಸಿಕೊಂಡರು. “ಮುರದೈತಿ ಅಂತ ಬರದಾರೇನ್ರಿ?” ಅಂತ ಒಂದು ಸಲ, ಯಾರೋ ಬೇರೆಯವರು ಬರೆದ ಹಾಗೆ, ಕೇಳಿದರು. ನಾನು “ಹೌದ್ರಿ” ಅಂದೆ. ಒಂದು ವಾರ ಅವರು ಬರಿಗೈಯಲ್ಲಿ ಸ್ಟೂಲಿನ ಮೇಲೆ ಕೂತರು. ಆ ಕೈಗಳಿಗೆ ಎಲ್ಲಿರಬೇಕೆಂದು ಗೊತ್ತಾಗುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಹೆಬ್ಬೆರಳು ತಾನಾಗಿ ತೊಡೆಯ ಮೇಲೆ ಒಂದು ಕೀಲು ಸರಿಸುತ್ತಿತ್ತು. ಪಾಠ ನಿಂತಿತು. ಪ್ರಮಿಲಾ ಕೂಡ ರೇಗಿಸಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಕಾರವಾರದವರು, ಕನ್ನಡ ಬಲ್ಲವರು, ಅವಸರದವರು. ಠಾಣೆಯಿಂದ ತರಿಸಿದ ಬಂದೂಕು ಚೀಲದಲ್ಲೇ ಮೇಜಿನ ಮೇಲಿತ್ತು. ಮೇಜಿನ ಒಂದು ಬದಿಗೆ ನಾನು ಮತ್ತು ಪ್ರಮಿಲಾ, ಎದುರಿಗೆ ಪರಸಪ್ಪನವರು ಅಟೆನ್ಶನ್ನಿನಲ್ಲಿ.

“ಬಂದೂಕು ಮುರಿದದ್ದು ಹೇಗೆ?” ಅಧಿಕಾರಿ ಕೇಳಿದರು.

“ನಾನs ಮುರದೇನ್ರಿ ಸಾಹೇಬ್ರ.”

“ನೀವೇ? ಯಾವಾಗ?”

“ದಿನಾ ಮುರೀತೇನ್ರಿ. ಊಟದ ಹೊತ್ತಿಗೆ.”

ಅಧಿಕಾರಿ ಕನ್ನಡಕ ತೆಗೆದರು. ಪರಸಪ್ಪನವರು ಜೇಬಿಗೆ ಕೈ ಹಾಕಿ ತಮ್ಮ ಅಡಕತ್ತರಿ ತೆಗೆದರು. ಹಿತ್ತಾಳೆಯದು, ಹಿಡಿ ಸವೆದದ್ದು. ಅದನ್ನು ಅಗಲಿಸಿ ಮೇಜಿನ ಮೇಲೆ ಇಟ್ಟರು. “ಇದು ಮುರದೈತೇನ್ರಿ?” ಅಂದರು. ಅಡಿಕೆ ಇಟ್ಟು ಮುಚ್ಚಿದರು. ಕಟ್ ಎಂದಿತು. ಒಂದು ಹೋಳನ್ನು ಅಧಿಕಾರಿಯ ಮುಂದೆ ಸರಿಸಿದರು. ಆಮೇಲೆ ಚೀಲದಿಂದ ಬಂದೂಕು ತೆಗೆದು ಅದೇ ರೀತಿ ಬಾಗಿಸಿ ತೋರಿಸಿದರು, ಮುಚ್ಚಿ ತೋರಿಸಿದರು.

“ಇದಕ್ಕ ನಾವು ಮುರಿಯೂದು ಅಂತೀವ್ರಿ. ಈ ಬ್ಯಾಂಕಿನಾಗ ದಿನಾ ಮಂದಿ ಬಂದು ನೋಟು ಮುರಿಸ್ಕೊಂಡು ಹೋಗತಾರ. ನೋಟು ಮುರೀತು ಅಂತ ಯಾರರ ಕೇಸ್ ಹಾಕ್ಯಾರೇನ್ರಿ?”

ಅಧಿಕಾರಿಗೆ ನಗು ಬಂತು, ತಡೆದುಕೊಂಡರು. ಪಂಪ್ ಬಂದೂಕು ಇದಕ್ಕಿಂತ ಒಳ್ಳೆಯದಲ್ಲವೇ, ಹೆಚ್ಚು ಕಾಡತೂಸು ಹಿಡಿಯುತ್ತದಲ್ಲ, ಅಂದರು.

“ಪಂಪ್ ಭಾಳ ಚಲೋ ಬಂದೂಕ್ರಿ,” ಅಂದರು ಪರಸಪ್ಪನವರು, ತಮ್ಮ ಕೆಲಸ ಕಿತ್ತುಕೊಳ್ಳಲು ಬರುತ್ತಿದ್ದ ಬಂದೂಕಿನ ಬಗ್ಗೆಯೇ. “ಕೈಲೆ ಹಿಂದ ಮುಂದ ಮಾಡೂದು. ಕಾಡತೂಸ ಜೋರಿರಲಿ, ಸಪ್ಪಗಿರಲಿ, ಕೈ ಎಳದು ಹಾಕತೈತಿ. ಆದ್ರ ಅದರ ಹೊಟ್ಟ್ಯಾಗ ಏನೈತಿ ಅಂತ ಎದುರಿನ ಮಂದಿಗೆ ಕಾಣೂದಿಲ್ರಿ. ಇಲ್ಲಿ ಮುದುಕ್ಯಾರು ಬರತಾರ, ಕೂಸು ಕರಕೊಂಡು ಬರತಾರ. ಮುರದು ತೋರಿಸಿದ್ರ ಖಾಲಿ ಐತಿ ಅಂತ ಎಲ್ಲಾರಿಗೂ ತಿಳೀತೈತಿ. ಮಂದಿ ನಡುವ ಇರೂ ಬಂದೂಕ ಬಾಯಿ ತಗದು ತೋರ್ಸು ಹಂಗ ಇರಬೇಕ್ರಿ.”

“ಹಾಗಾದರೆ ರಿಪೋರ್ಟಿನಲ್ಲಿ ಹೀಗೇಕೆ ಬರೆದಿದೆ?” ಅಧಿಕಾರಿ ನನ್ನ ಕಡೆ ತಿರುಗಿದರು.

ಇಲ್ಲಿಂದ ಮುಂದಿನದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ನಾನು ಎದ್ದು ನಿಂತೆ. “ತಪ್ಪು ನನ್ನದು ಸರ್, ಅವರು ಹೇಳಿದ್ದನ್ನು ನಾನು ತಿರುಚಿ ಬರೆದೆ,” ಅಂದೆ. ಕುರ್ಚಿ ಹಿಂದೆ ಸರಿದ ಸದ್ದು ಕೂಡ ನನಗೆ ನೆನಪಿದೆ. ಮೂರು ದಿನದಲ್ಲಿ ಆದೇಶ ಬಂತು, ಬಂದೂಕು ಸುಸ್ಥಿತಿಯಲ್ಲಿದೆ, ಗಾರ್ಡ್ ಮುಂದುವರಿಯಲಿ ಅಂತ. ಅವರು ನಿವೃತ್ತರಾಗುವವರೆಗೆ ಅದೇ ಸ್ಟೂಲಿನ ಮೇಲೆ ಅದೇ ಬಂದೂಕಿನ ಜೊತೆ ಇದ್ದರು. ಇದು ನನ್ನ ಕಥೆ. ಹೊಸದಾಗಿ ಬ್ಯಾಂಕಿಗೆ ಸೇರಿದವರಿಗೆ ಪ್ರಾಮಾಣಿಕತೆಯ ಬಗ್ಗೆ ಒಂದು ಉದಾಹರಣೆ ಬೇಕಾದಾಗ ಇದನ್ನೇ ಹೇಳುತ್ತಾ ಬಂದಿದ್ದೆ.

ಹೋದ ವಾರ, ಇದನ್ನು ಬರೆಯಲು ಕೂರುವ ಮೊದಲು, ಆ ವರ್ಷದ ಡೈರಿ ತೆಗೆದೆ. ವಿಚಾರಣೆಯ ದಿನದ ಪುಟದಲ್ಲಿ ಅಡಕತ್ತರಿ ಇದೆ, ನೋಟು ಮುರಿಯುವ ಮಾತಿದೆ. ಕೊನೆಯಲ್ಲಿ ಹೀಗಿದೆ: “ರಿಪೋರ್ಟ್ ಬಗ್ಗೆ ಕೇಳಿದರು. ನಾನು ಏನೂ ಹೇಳಲಿಲ್ಲ. ಹವಾಲ್ದಾರರೇ ಮುಂದೆ ಬಂದು, ಬಾಯಾರು ಬರದದ್ದು ಬರೋಬ್ಬರಿ ಐತ್ರಿ, ನಮ್ಮ ಭಾಷಾನs ಹಂಗೈತಿ, ಅಂದರು. ಅಧಿಕಾರಿ, ನೋಡೋಣ, ಅಂತ ಹೋದರು.”

ನನ್ನದೇ ಅಕ್ಷರ. ಕುರ್ಚಿ ಎಲ್ಲಿಯೂ ಸರಿದಿಲ್ಲ.

ಎರಡು ದಿನ ಮನಸ್ಸು ಸರಿಯಿರಲಿಲ್ಲ. ಪರಸಪ್ಪನವರು ಈಗ ವಾಸ್ಕೋದಲ್ಲಿ ಮಗಳ ಮನೆಯಲ್ಲಿದ್ದಾರೆ. ಅಳಿಯನಿಗೆ ಮುರ್ಮುಗಾಂವ್ ಬಂದರಿನಲ್ಲಿ ಕ್ರೇನಿನ ಕೆಲಸ. ವರ್ಷಕ್ಕೆರಡು ಸಲ ಫೋನಿನಲ್ಲಿ ಮಾತಾಡುತ್ತೇವೆ. ಭಾನುವಾರ ಡೈರಿ ಎದುರಿಗಿಟ್ಟುಕೊಂಡು ಫೋನ್ ಮಾಡಿದೆ. ಆರೋಗ್ಯ ಕೇಳಿದೆ, ಮೊಮ್ಮಗಳ ಶಾಲೆ ಕೇಳಿದೆ, ಬಂದೂಕು ಕೇಳಿದೆ.

“ವಯಸ್ಸಾತು, ಲೈಸೆನ್ಸ್ ಒಪ್ಪಿಸಿಬಿಟ್ಟೇನ್ರಿ. ಬಂದೂಕ ಡೀಲರ್ ಕಡೆ ಐತಿ. ತಿಂಗಳಿಗೊಮ್ಮೆ ಹೋಗಿ ಎಣ್ಣಿ ಹಾಕಿ ಬರತೇನಿ. ಅವರೇನೂ ಅನ್ನೂದಿಲ್ಲ.”

“ಹವಾಲ್ದಾರ್ರ, ಒಂದು ಕೇಳಬೇಕಿತ್ತು. ಆ ವಿಚಾರಣೆ ದಿನಾ ತಪ್ಪು ನಂದು ಅಂತ ಯಾರು ಹೇಳಿದ್ರು?”

“ನೀವs ಹೇಳಿದ್ರಲ್ರಿ ಬಾಯಾರ.”

“ಇಲ್ರಿ. ನಾ ಸುಮ್ಮನ ಕುಂತಿದ್ದೆ. ಡೈರಿಯೊಳಗ ಬರದೇನಿ. ನೀವs ನನ್ನ ಉಳಿಸಿದ್ರಿ. ನಾ ಇಷ್ಟು ವರ್ಷ ಮಂದಿಗೆಲ್ಲಾ ಸುಳ್ಳು ಹೇಳಿಕೊಂಡು ಬಂದೇನಿ.”

ಫೋನಿನ ಆ ಕಡೆ ಬಂದರಿನಿಂದ ಯಾವುದೋ ಹಡಗಿನ ಕೂಗು ಕೇಳಿಸಿತು.

“ಡೈರಿ ಎದುರಿಗೆ ಐತೇನ್ರಿ?”

“ಐತಿ.”

“ಎಷ್ಟು ಹಾಳಿ ನೋಡೀರಿ?”

“ಆ ದಿನದ್ದು.”

“ಒಂದು ನಳಗಿ ನೋಡಿ ಮುಚ್ಚೀರಿ,” ಅಂದರು. “ಮಗ್ಗಲಿಂದು ನೋಡ್ರಿ.”

ಪುಟ ತಿರುಗಿಸಿದೆ. ಮರುದಿನದ ಪುಟದಲ್ಲಿ ಒಂದೂವರೆ ಸಾಲು. “ರಜೆ ಹಾಕಿ ಮಡಗಾಂವಿಗೆ ಹೋದೆ. ರಿಪೋರ್ಟಿನಲ್ಲಿ ತಪ್ಪಾಗಿದೆ ಎಂದು ಬರೆದುಕೊಟ್ಟು ಬಂದೆ. ತಲೆನೋವು.”

ನನಗೆ ಆ ದಿನದ ಒಂದು ಚೂರೂ ನೆನಪಿಲ್ಲ. ಬಸ್ಸಿಲ್ಲ, ಕಚೇರಿಯ ಮೆಟ್ಟಿಲಿಲ್ಲ, ಅಧಿಕಾರಿಯ ಮುಖವಿಲ್ಲ. ಮಾಡದೇ ಇದ್ದದ್ದರ ಕುರ್ಚಿಯ ಸದ್ದು ಕೂಡ ನೆನಪಿದೆ, ಮಾಡಿದ್ದು ತಲೆನೋವಾಗಿ ಕೂಡ ಉಳಿದಿಲ್ಲ. ಓದಿ ಹೇಳಿದೆ.

“ಅದs ಕಾಗದಾ ಸಾಹೇಬ್ರು ನನಗ ತೋರ್ಸಿದ್ರು,” ಅಂದರು ಪರಸಪ್ಪನವರು. “ಅಡಕತ್ತರಿ ನೋಡಿ ಅವರು ನಕ್ಕಿದ್ರು, ಖರೇ. ನಕ್ಕೋತ ಆರ್ಡರ್ ಬರಿಯಾಕ ಆಗತೈತೇನ್ರಿ? ಆರ್ಡರ್‌ಗೆ ಕಾಗದಾ ಬೇಕು.”

ಸಮಾಧಾನವಾಗಬೇಕಿತ್ತು. ಆದರೆ ಆ ಸಾಲನ್ನು ಮತ್ತೊಮ್ಮೆ ಓದಿದಾಗ ಇನ್ನೊಂದು ಕಾಣಿಸಿತು. ತಪ್ಪಾಗಿದೆ ಅಂತ ಬರೆದುಕೊಟ್ಟಿದ್ದೇನೆ. ತಪ್ಪು ಮಾಡಿದ್ದೇನೆ ಅಂತಲ್ಲ. ಅಲ್ಲಿಯೂ ಅದೇ ಉಪಾಯ. ಕರ್ತೃ ಇಲ್ಲ. ಮೇಜಿನ ಮೇಲಿದ್ದ ಪೆನ್ನು ತೆಗೆದು, ತಪ್ಪಾಗಿದೆ ಅನ್ನುವುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ “ನಾನು ಮಾಡಿದೆ” ಎಂದು ಬರೆದೆ. ಹಳೆಯ ಶಾಯಿ ಕಂದಾಗಿತ್ತು, ಹೊಸದು ನೀಲಿ. ಹೀಗೆ ಮಾಡಿದೆ ಅಂತ ಅವರಿಗೂ ಹೇಳಿದೆ.

“ಎರಡೂ ನೋಡಿದ್ರಿಲ್ಲ?” ಅಂದರು ಅವರು.

“ನೋಡಿದೆ.”

“ಹಂಗಂದ್ರ ಇನ್ನ ಮುಚ್ರಿ ಬಾಯಾರ. ಸಾವಕಾಶ.”

ಡೈರಿಯನ್ನು ಅಂಗೈ ಕೊಟ್ಟು ಮುಚ್ಚಿದೆ.